ಹೊಂಬಣ್ಣದ ಪೆಟ್ಟಿಗೆ, ಬೂದು ಪೆಟ್ಟಿಗೆ

ನಾನು ಹಾಸನೂರಿಗೆ ಹೋದದ್ದು ಪೈಪು ತರುವುದಕ್ಕೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಪಣಕಹಳ್ಳಿಯ ನಮ್ಮ ಬಾವಿಯ ಪೈಪುಗಳು ತುಕ್ಕು ಹಿಡಿದು, ಕೋಸಿನ ಹೊಲಕ್ಕೆ ಮುಟ್ಟುವ ನೀರಿಗಿಂತ ದಾರಿಯಲ್ಲಿ ಸೋರುವ ನೀರೇ ಹೆಚ್ಚಾಗಿತ್ತು. ಹಾಸನೂರಿನ ಆಚೆ ಕಾಡಂಚಿನ ಒಂದು ಎಸ್ಟೇಟಿನ ಮ್ಯಾನೇಜರು ತೀರಿಕೊಂಡಿದ್ದರು. ಅವರ ಹೆಂಡತಿ ಬಂಗಲೆ ಖಾಲಿ ಮಾಡಿ ಮೈಸೂರಿಗೆ ಹೊರಟಿದ್ದಾರೆ, ಮಂಚ, ಬೀರು, ಬಳಸದೆ ಬಿದ್ದಿರುವ ಪೈಪು ಎಲ್ಲವನ್ನೂ ಮಾರುತ್ತಿದ್ದಾರೆ ಎಂದು ತಾಳವಾಡಿಯ ಸಂತೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಪೈಪಿನ ದುಡ್ಡನ್ನು ಒಳಜೇಬಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ಆ ಅಮ್ಮನಿಗೆ ಐವತ್ತು ದಾಟಿರಬಹುದು. ಮೈಸೂರಿನ ಕಡೆಯವರು, ನಿಧಾನವಾಗಿ ಮಾತಾಡುತ್ತಿದ್ದರು. ಹಿಂದಿನ ಷೆಡ್ಡಿನಲ್ಲಿ ಪೈಪುಗಳನ್ನು ತೋರಿಸಿ, ಕಾಫಿ ಕುಡಿದು ಹೋಗಿ ಎಂದು ಒಳಗೆ ಕರೆದರು. ಹಜಾರಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಗೋಡೆಯುದ್ದಕ್ಕೂ ರೆಕಾರ್ಡುಗಳು, ಎರಡು ದೊಡ್ಡ ಸ್ಪೀಕರುಗಳು, ರೆಕಾರ್ಡ್ ಪ್ಲೇಯರು, ಅದರ ಪಕ್ಕದ ಗೂಡಿನಲ್ಲಿ ಹೊಂಬಣ್ಣದ ಮುಖದ ಒಂದು ಪೆಟ್ಟಿಗೆ.

ನನ್ನ ಹುಚ್ಚಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಚಾಮರಾಜನಗರದಲ್ಲಿ ಓದುವಾಗ ಹತ್ತಿಸಿಕೊಂಡ ಹಾಡು ಕೇಳುವ ಚಟ ಊರಿಗೆ ಬಂದು ಬೇಸಾಯಕ್ಕೆ ನಿಂತ ಮೇಲೂ ಬಿಡಲಿಲ್ಲ. ಮನೆಯಲ್ಲಿ ಒಂದು ರೆಕಾರ್ಡ್ ಪ್ಲೇಯರಿತ್ತು. ತಾಳವಾಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಬಾಲ್ಯದ ಗೆಳೆಯ ಒಂದು ಆಂಪ್ಲಿಫೈಯರನ್ನು ಜೋಡಿಸಿಕೊಟ್ಟಿದ್ದ. ಸ್ಪೀಕರಿನ ಮರದ ಪೆಟ್ಟಿಗೆಗಳನ್ನು ದೊಡ್ಡಗಾಜನೂರಿನ ಬಡಗಿಯಿಂದ ಮಾಡಿಸಿದ್ದೆ. ಕೊರತೆ ಇದ್ದದ್ದು ಪ್ರೀಯದು. ಪ್ರೀ ಎಂದರೆ ಪ್ರೀ ಆಂಪ್ಲಿಫೈಯರ್. ರೆಕಾರ್ಡಿನ ಮುಳ್ಳು ಎತ್ತಿಕೊಡುವ ದನಿ ತೀರಾ ಸಣ್ಣದು. ಅದನ್ನು ಮೊದಲು ಹಿಡಿದು, ಹದಮಾಡಿ, ದೊಡ್ಡ ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆ ಅದು. ನನ್ನ ಬಳಿ ಇದ್ದದ್ದು ರಟ್ಟಿನ ಮೇಲೆ ಕೂರಿಸಿದ ನಾಲ್ಕಾರು ಬಿಡಿಭಾಗ, ಹಾಡಿಗಿಂತ ಜೋರಾಗಿ ಗುಂಯ್ ಎನ್ನುತ್ತಿತ್ತು. ಒಳ್ಳೆಯದೊಂದು ಮಾಡಿಕೊಡುತ್ತೇನೆಂದು ಗೆಳೆಯ ಎರಡು ದೀಪಾವಳಿಯಿಂದ ಹೇಳುತ್ತಲೇ ಇದ್ದ.

“ಇದು ಪ್ರೀ ಅಲ್ಲವೇ?” ಎಂದೆ.

“ನಿಮಗೆ ಗೊತ್ತಾ?” ಆ ಅಮ್ಮ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. “ಕೇಳ್ತೀರಾ ಹಾಗಾದ್ರೆ?”

ಸಂಜೆಯಾಗಿತ್ತು. ಬಂಗಲೆಯ ಹಿಂದೆಲ್ಲೋ ಜನರೇಟರು ಗುಡುಗುಡು ಎನ್ನುತ್ತಿತ್ತು. ಅವರು ವೀಣೆಯ ಒಂದು ರೆಕಾರ್ಡ್ ಹಾಕಿದರು. ತಂತಿಯ ಮೇಲೆ ಬೆರಳು ಜಾರುವ ಸದ್ದು, ಜಾರಿ ನಿಂತ ಮೇಲೆ ಉಳಿಯುವ ಕಂಪನ ಎಲ್ಲವೂ ಎದುರಿಗೇ ನಡೆಯುತ್ತಿರುವಂತೆ ಕೇಳಿಸಿತು. ನನ್ನ ಕೈ ತಾನಾಗಿ ಒಳಜೇಬಿಗೆ ಹೋಯಿತು. ಇದನ್ನು ಕೊಡುವುದಾದರೆ ಕೊಡಿ, ಪೈಪು ಬೇಡ ಎಂದೆ. ಅವರು ಒಂದು ಗಳಿಗೆಯೂ ಯೋಚಿಸದೆ “ತಗೊಂಡು ಹೋಗಿ” ಎಂದರು.

ಆ ಗಳಿಗೆಯಲ್ಲೇ ನನ್ನೊಳಗೆ ಏನೋ ಚುಚ್ಚಿತು. ಚೌಕಾಸಿಯೇ ಇಲ್ಲದೆ ಒಪ್ಪಿದವರನ್ನು ನಂಬುವುದು ಸಂತೆಯಲ್ಲಿ ಕೋಸು ಮಾರುವವನಿಗೆ ಕಷ್ಟ. ಜೊತೆಗೆ ಅದೇ ಗೂಡಿನ ಕೆಳಗೆ ಟವೆಲು ಹೊದಿಸಿದ ಇನ್ನೊಂದು ಪೆಟ್ಟಿಗೆ ಇತ್ತು. ಅದೇನು ಎಂದು ಕೇಳಿದೆ.

“ಅದೂ ಅಂಥದ್ದೇ. ಹಳೇದು,” ಎಂದು ಮಾತು ಬದಲಿಸಿದರು.

ಕೊನೆಯ ಬಸ್ಸು ಹೋಗಿತ್ತು. ಆನೆಗಳು ಇಳಿದಿವೆ, ರಸ್ತೆಗೆ ಹೋಗಬೇಡಿ ಎಂದು ಎಸ್ಟೇಟಿನ ಕಾವಲಿನ ಸೋಲಿಗರ ಮುದುಕ ತನ್ನ ಗುಡಿಸಲಿನಲ್ಲಿ ಮಲಗಿಸಿಕೊಂಡ. ಬೆಳಿಗ್ಗೆ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತೆ. ಗಂಧದ ಮರದ ಕಳ್ಳಸಾಗಣೆ ಜೋರಾಗಿದ್ದ ಕಾಲ. ಚೆಕ್‌ಪೋಸ್ಟಿನಲ್ಲಿ ಬಸ್ಸು ಹತ್ತಿದ ಗಾರ್ಡು ನೇರವಾಗಿ ನನ್ನ ಗೋಣಿಚೀಲಕ್ಕೇ ಕೋಲು ತಾಗಿಸಿದ. ಬಿಚ್ಚಿ ತೋರಿಸಿದೆ.

“ವೈರ್‌ಲೆಸ್ಸಾ?” ಎಂದ ತಮಿಳಿನಲ್ಲಿ.

“ಇಲ್ಲ, ಹಾಡಿನ ಸೆಟ್ಟು.”

“ಹಾಡಿಸು, ನೋಡೋಣ.”

“ಇದೊಂದೇ ಹಾಡುವುದಿಲ್ಲ.”

“ರೇಡಿಯೋನಾ?”

“ಅಲ್ಲ.”

“ಹಾಡುವುದಿಲ್ಲ, ರೇಡಿಯೋ ಅಲ್ಲ. ಮತ್ತೆ ಇಷ್ಟು ಗುಂಡಿ ಯಾಕಿವೆ?”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಬುಟ್ಟಿಯನ್ನು ಆಚೆಗೆ ಸರಿಸಿಕೊಂಡಳು. ಗಾರ್ಡು ಪೆಟ್ಟಿಗೆಯನ್ನು ಮೂಸಿ ನೋಡಿ, ಗಂಧದ ವಾಸನೆ ಬಾರದ್ದಕ್ಕೋ ಏನೋ, ಬಿಟ್ಟುಬಿಟ್ಟ. ತಾಳವಾಡಿ ಬರುವವರೆಗೂ ಒಬ್ಬರೂ ನನ್ನೊಡನೆ ಮಾತಾಡಲಿಲ್ಲ.

ಮನೆಯ ಬಾಗಿಲಲ್ಲಿ ಹೆಂಡತಿ ನನ್ನ ಹಿಂದೆ ಗಾಡಿಯೋ ಲಾರಿಯೋ ಬರುತ್ತಿದೆಯೇ ಎಂದು ನೋಡಿದಳು.

“ಪೈಪೆಲ್ಲಿ?”

“ಇದನ್ನ ತಂದೆ.”

“ಇದ್ರಾಗ ನೀರು ಬತ್ತದಾ?” ಎಂದಳು. ಕೋಪದಲ್ಲಿ ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. “ಆ ಬಂಗಲೆ ಅಮ್ಮ ನಿಮ್ಗ ಏನ್ ಏಳ್ದಳು? ರಾತ್ರಿ ಎಲ್ಲಿ ಮಲಗಿದ್ರಿ?”

ಸೋಲಿಗರ ಮುದುಕನ ಗುಡಿಸಲು ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಜಗಲಿಯ ಮೇಲೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅಪ್ಪ ಪೆಟ್ಟಿಗೆಯನ್ನು ಕಡೆಗಣ್ಣಿನಿಂದ ನೋಡಿದರು. “ಸತ್ತೋರ ಮನೆ ಸಾಮಾನು. ಬಾಯೂ ಇಲ್ಲ, ಮೂಗೂ ಇಲ್ಲ. ಒಳಗ ಏನದೆ ಅಂತ ನೋಡ್ದಾ?” ಎಂದು ಕೇಳಿದರು.

ಅವತ್ತು ಸಂಜೆ ಜೋಡಿಸಿ ಹಾಡು ಹಾಕಿದೆ. ಬಂಗಲೆಯಲ್ಲಿ ಕೇಳಿದ ದನಿಯಲ್ಲ ಇದು. ಮಂಕಾಗಿ, ಕಂಬಳಿ ಹೊದ್ದು ಹಾಡಿದಂತೆ, ಏರುವ ಜಾಗದಲ್ಲಿ ಒಡೆಯುತ್ತಿತ್ತು. ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿದೆ. ಟವೆಲಿನ ಕೆಳಗಿದ್ದ ಪೆಟ್ಟಿಗೆ ನೆನಪಾಯಿತು. ನನಗೆ ಕೇಳಿಸಿದ್ದು ಅದರ ದನಿಯೇ? ಮೇಲಿನದನ್ನು ತೋರಿಸಿ ಕೆಳಗಿನದನ್ನು ಹಾಡಿಸಿದರೇ? ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಿದ್ದವು ಎಂದು ಕಣ್ಣುಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಗೂಡಿನ ಹಿಂದೆ ಕತ್ತಲಿದ್ದದ್ದಷ್ಟೇ ನೆನಪಿಗೆ ಬಂತು.

ಬೆಳಿಗ್ಗೆ ಎದ್ದು ಸುಮ್ಮನೆ ಹಾಕಿ ನೋಡಿದರೆ ದನಿ ಸರಿಯಾಗಿತ್ತು. ಬಂಗಲೆಯಷ್ಟಲ್ಲದಿದ್ದರೂ ತಿಳಿಯಾಗಿತ್ತು. ಸಂಜೆ ಮತ್ತೆ ಮಂಕು. ಹೀಗೆ ಎರಡು ಮೂರು ದಿನ ನಡೆಯಿತು. ಬೆಳಿಗ್ಗೆ ನನ್ನನ್ನು ಸಮಾಧಾನ ಮಾಡಿ ಸಂಜೆ ಮೋಸ ಮಾಡುವ ಈ ಪೆಟ್ಟಿಗೆ ಯಾರ ಮಾತು ಕೇಳಿ ಹೀಗೆ ಮಾಡುತ್ತಿದೆ ಅನ್ನಿಸತೊಡಗಿತು.

ಸುದ್ದಿ ತಿಳಿದು ಗೆಳೆಯ ಸೈಕಲ್ ತುಳಿದುಕೊಂಡು ಬಂದ. ಬಂದವನ ಮುಖ ಊದಿಕೊಂಡಿತ್ತು.

“ನಾ ಮಾಡ್ಕೊಡ್ತೀನಿ ಅಂದಿರ್ನಿಲ್ವಾ? ಅಷ್ಟ್ ಆತ್ರ ಏನಿತ್ಲಾ ನಿಂಗ?”

“ಎರಡು ವರ್ಷ ಕಾದೆನಲ್ಲ.”

“ಒಳ್ಳೇದ್ ಮಾಡಕ ಟೈಮ್ ಬೇಕು ಕಣ್ಲಾ,” ಎಂದು ಸ್ಕ್ರೂಡ್ರೈವರ್ ತೆಗೆದ. ಮುಚ್ಚಳ ಬಿಚ್ಚಿದ ಮೇಲೆ ಅವನ ಸಿಟ್ಟು ಇಳಿದುಹೋಯಿತು. ಒಳಗೆ ಹಳೆಯ ರೇಡಿಯೋಗಳಲ್ಲಿರುವಂಥ ಗಾಜಿನ ವಾಲ್ವುಗಳು ಸಣ್ಣ ಬಲ್ಬಿನ ಹಾಗೆ ಕೆಂಪಗೆ ಉರಿಯುತ್ತಿದ್ದವು. ಅವನು ಮೂಗು ಅದಕ್ಕೆ ತಾಗುವಷ್ಟು ಬಗ್ಗಿ ನೋಡಿದ. “ಫಾರಿನ್ ಮಾಲು. ಆದ್ರ ಈ ಸ್ಕ್ರೂ ನೋಡು, ತಲೆಯೆಲ್ಲ ಸವೆದದೆ. ನಮಗಿಂತ ಮುಂಚೆ ಯಾರೋ ಬಿಚ್ಚವ್ರೆ.”

“ಯಾರು?”

“ಅದ ನನ್ನ ಕೇಳಿದ್ರ? ನಿನ್ನ ಬಂಗಲೆ ಅಮ್ಮನ್ನ ಕೇಳು.” ಆಮೇಲೆ ಒಂದು ವಾಲ್ವನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, “ಇದೊಂದು ದಣದಿರೋ ಅಂಗದೆ. ಅಂಗಡಿಗ ತಕ್ಕೊಂಡೋಗಿ ನೋಡ್ತೀನಿ ಕೊಡು,” ಎಂದ.

ಅವನು ಹಾಗೆ ಕೇಳಿದ ರೀತಿಯಲ್ಲಿ ಏನೋ ಇತ್ತು. ನನ್ನ ಕಡೆ ನೋಡದೆ ಕೇಳಿದ. ಅವನ ಅಂಗಡಿಯಲ್ಲಿ ಯಾರದೋ ಹಳೆಯ ರೇಡಿಯೋ ವಾಲ್ವು ಸಿಗದೆ ತಿಂಗಳುಗಟ್ಟಲೆ ಬಿದ್ದಿರುವುದು ನನಗೆ ಗೊತ್ತಿತ್ತು. ಒಳ್ಳೆಯ ವಾಲ್ವು ಅದಕ್ಕೆ ಹೋಗಿ, ಅದರ ಸತ್ತ ವಾಲ್ವು ಇದಕ್ಕೆ ಬಂದರೆ ನನಗೆ ಹೇಗೆ ತಿಳಿಯಬೇಕು? ಎರಡೂ ಗಾಜೇ.

“ಇಲ್ಲೇ ನೋಡು. ತೆಗೆದುಕೊಂಡು ಹೋಗುವುದು ಬೇಡ,” ಎಂದೆ.

ಅವನು ತಲೆಯೆತ್ತಿದ. “ನಾನು ಬದಲಾಯಿಸ್ತೀನಿ ಅಂದ್ಕೊಂಡಿದ್ದೀಯೇನ್ಲಾ?”

ಇಲ್ಲ ಎನ್ನಬೇಕಾಗಿತ್ತು. ಅವನು ಮುಚ್ಚಳ ಹಾಕಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಹೆಂಡತಿ ತಂದಿಟ್ಟ ಕಾಫಿಯನ್ನು ಮುಟ್ಟದೆ ಹೊರಟುಹೋದ. ಸೈಕಲ್ಲು ರಾಗಿ ಹೊಲದ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದೆ. ಹೆಂಡತಿ ಕಾಫಿ ಲೋಟ ಎತ್ತಿಕೊಳ್ಳುತ್ತ, “ಅಂವ ಏಳಿದ್ದೂ ನಿಜ, ನೀವು ಅಂದ್ಕೊಂಡಿದ್ದೂ ನಿಜ ಇದ್ದಾದು,” ಎಂದಳು.

ಆ ವಾರದೊಳಗೇ ಎಸ್ಟೇಟಿನ ಜೀಪು ನಮ್ಮ ಮನೆಯ ಮುಂದೆ ಬಂದು ನಿಂತಿತು. ಡ್ರೈವರು ತಮಿಳಿನವನು, ಅಳೆದು ತೂಗಿ ಮಾತಾಡುವವನು. ಹಿಂದಿನ ಸೀಟಿನಿಂದ ಟವೆಲು ಸುತ್ತಿದ ಪೆಟ್ಟಿಗೆ ಇಳಿಸಿ ಜಗಲಿಯ ಮೇಲಿಟ್ಟ. ಟವೆಲನ್ನು ನೋಡಿದೊಡನೆ ಗುರುತು ಹತ್ತಿತು.

“ಅಮ್ಮ ಕಳಿಸಿದ್ದಾರೆ. ಇದನ್ನು ಇಟ್ಟುಕೊಳ್ಳಬೇಕಂತೆ. ಅದನ್ನು ವಾಪಸು ಕೊಡಬೇಕಂತೆ.”

“ಯಾಕೆ?”

“ಅಷ್ಟೇ ಹೇಳಿದ್ದು.”

ಟವೆಲು ತೆಗೆದೆ. ಬೂದು ಬಣ್ಣ ಬಳಿದ ತಗಡಿನ ಪೆಟ್ಟಿಗೆ. ಗುಂಡಿಗಳು ಒಂದು ಕಪ್ಪು, ಒಂದು ಬಿಳಿ, ಒಂದು ರೇಡಿಯೋದಿಂದ ಕಿತ್ತದ್ದು. ಯಾವ ಕಂಪನಿಯ ಹೆಸರೂ ಇಲ್ಲ. ಎತ್ತಿದರೆ ಬೀಸುವ ಕಲ್ಲಿನಷ್ಟು ಭಾರ. ದುಡ್ಡು ಕೊಟ್ಟು ತಂದ ಹೊಂಬಣ್ಣದ ಪೆಟ್ಟಿಗೆಯ ಬದಲು ಈ ತಗಡೇ? ಅವರಿಗೆ ಅದು ಈಗ ಯಾಕೆ ಬೇಕಾಯಿತು? ಮಾರುವಾಗ ಯೋಚಿಸದವರು ಈಗ ಜೀಪು ಕಳಿಸುತ್ತಾರೆ ಎಂದರೆ ನಡುವೆ ಯಾರೋ ಏನೋ ಹೇಳಿರಬೇಕು. ಮಂಕಾಗಿ ಹಾಡುತ್ತಿದ್ದ ಅದೇ ಪೆಟ್ಟಿಗೆ ಆ ಕ್ಷಣದಲ್ಲಿ ನನ್ನ ಕಣ್ಣಿಗೆ ಭಾರಿ ಬೆಲೆಯದಾಗಿ ಕಂಡಿತು.

“ಸಂತೆ ದಿನ ತಿಳಿಸುತ್ತೇನೆ. ಎರಡೂ ಇಲ್ಲೇ ಇರಲಿ,” ಎಂದೆ.

ಡ್ರೈವರು ಒಂದು ಗಳಿಗೆ ಹೊಂಬಣ್ಣದ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ, ಏನೋ ಹೇಳಹೊರಟು, ಹೇಳದೆ ಜೀಪು ಹತ್ತಿದ.

ಆಮೇಲಿನ ದಿನಗಳಲ್ಲಿ ಹೊಲದ ಕೆಲಸ ಅರ್ಧಂಬರ್ಧ ನಡೆಯಿತು. ವೈರು ಕಿತ್ತು ಅದಕ್ಕೆ ಹಾಕುವುದು, ಅದರಿಂದ ಕಿತ್ತು ಇದಕ್ಕೆ ಹಾಕುವುದು. ನನ್ನ ಬಳಿ ಮಾದಪ್ಪನ ಪದಗಳ ಒಂದು ರೆಕಾರ್ಡಿತ್ತು, ಕಂಸಾಳೆಯವರು ಹಾಡಿದ್ದು. ಅದನ್ನೇ ಹಾಕುತ್ತಿದ್ದೆ. ಕಂಸಾಳೆಯ ದನಿ ನನಗೆ ರೆಕಾರ್ಡಿಗಿಂತ ಮೊದಲೇ ಗೊತ್ತಿದ್ದದ್ದು. ಸುಗ್ಗಿ ಮುಗಿದ ಮೇಲೆ ಅವರು ನಮ್ಮ ಅಂಗಳಕ್ಕೇ ಬಂದು ಹಾಡುತ್ತಿದ್ದರು. ಬಟ್ಟಲಿನಂಥ ತಾಳವನ್ನು ಒಂದು ಕೈಯಲ್ಲಿ ಹಿಡಿದು ಚಪ್ಪಟೆ ತಾಳದಿಂದ ಬಡಿದರೆ ಕಂಚು ಕಂಚಿಗೆ ತಾಗುವ ಆ ಪೆಟ್ಟು ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತದೆ.

ಬೆಳಗಿನ ಹೊತ್ತು ಹೊಂಬಣ್ಣದ್ದು ಗೆಲ್ಲುತ್ತಿತ್ತು. ಸಂಜೆಯಾದರೆ ಅದು ಕುಂಟುತ್ತಿತ್ತು. ಬೂದು ಪೆಟ್ಟಿಗೆ ಮಾತ್ರ ಬೆಳಿಗ್ಗೆ ಹೇಗೋ ಸಂಜೆಯೂ ಹಾಗೇ. ಇದೂ ನನಗೆ ಸರಿ ಕಾಣಲಿಲ್ಲ. ಹೊತ್ತಿಗೆ ತಕ್ಕಂತೆ ಬದಲಾಗುವುದು ಅನುಮಾನದ್ದಾದರೆ, ಯಾವ ಹೊತ್ತಿಗೂ ಬದಲಾಗದಿರುವುದೂ ಅನುಮಾನದ್ದೇ. ಮುಚ್ಚಳ ಬಿಚ್ಚಿದೆ. ಒಳಗೆ ಎರಡೇ ವಾಲ್ವುಗಳು, ಅರ್ಧ ಜಾಗವನ್ನು ಒಂದು ಕಪ್ಪು ಟ್ರಾನ್ಸ್‌ಫಾರ್ಮರು ತುಂಬಿತ್ತು. ಇಷ್ಟು ಸಣ್ಣ ಕೆಲಸದ ಪೆಟ್ಟಿಗೆಗೆ ಅಷ್ಟು ದೊಡ್ಡದು ಯಾಕೆ? ಕೇಳೋಣವೆಂದರೆ ಗೆಳೆಯ ಮುಖ ತಿರುಗಿಸಿಕೊಂಡು ಕೂತಿದ್ದ.

“ನೀವು ಆಡು ಕೇಳ್ತಿಲ್ಲ,” ಎಂದಳು ಹೆಂಡತಿ ಒಂದು ದಿನ ಬೆಳ್ಳುಳ್ಳಿ ಬಿಡಿಸುತ್ತ. “ಕಳ್ಳನ್ನ ಇಡಿಯೋರ ತರ ಕೂತಿದ್ದರಿ. ಓಗಿ ಆ ಅಮ್ಮನ್ನೇ ಕೇಳ್ಬುಡಿ. ಬೇಕಾದ್ರ ನಾನೂ ಬತ್ತೀನಿ.”

ಬಂದೇ ಬಂದಳು. ಆ ಬಂಗಲೆಯನ್ನು, ಅದಕ್ಕಿಂತ ಹೆಚ್ಚಾಗಿ ಆ ಅಮ್ಮನನ್ನು, ಒಮ್ಮೆ ಕಣ್ಣಾರೆ ನೋಡಬೇಕೆಂದು ಅವಳಿಗಿದ್ದದ್ದು ನನಗೆ ತಿಳಿಯದ್ದೇನಲ್ಲ. ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಟ್ಟು ಇಬ್ಬರೂ ಬೆಳಗಿನ ಬಸ್ಸಿಗೆ ಹೊರಟೆವು.

ಹಜಾರ ಹೆಚ್ಚುಕಡಿಮೆ ಖಾಲಿಯಾಗಿತ್ತು. ಆ ಅಮ್ಮ ನಮ್ಮನ್ನು ಮರದ ಡಬ್ಬಗಳ ಮೇಲೆ ಕೂರಿಸಿ ತಾವೂ ಒಂದರ ಮೇಲೆ ಕೂತರು. ಸುತ್ತಿಬಳಸದೆ ಕೇಳಿದೆ, ಅದು ಯಾಕೆ ವಾಪಸು ಬೇಕು ಎಂದು.

ಅವರೂ ಸುತ್ತಿಬಳಸಲಿಲ್ಲ. “ನನ್ನ ತಂಗಿ ಮಗ ಮದರಾಸಿನಿಂದ ಬಂದಿದ್ದ. ಅದನ್ನ ಮಾರಿಬಿಟ್ಟೆ ಅಂದದ್ದಕ್ಕೆ ಬೈದ. ಅಲ್ಲಿ ಅದಕ್ಕೆ ಹೆಚ್ಚು ಬೆಲೆ ಸಿಗುತ್ತಂತೆ. ನನಗೆ ಈಗ ಸಿಕ್ಕಷ್ಟೂ ಬೇಕು. ಅದಕ್ಕೇ ಕೇಳಿದೆ.”

ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ನನ್ನ ಅನುಮಾನ ನಿಜವಾಗಿತ್ತು. ನಿಜವಾದ ಮೇಲೆ ಅದನ್ನು ಹಿಡಿದು ಏನು ಮಾಡಬೇಕೆಂದು ಮಾತ್ರ ಹೊಳೆಯಲಿಲ್ಲ.

“ಹಾಗಂತ ನಿಮಗೆ ಕೆಟ್ಟದ್ದು ಕಳಿಸಿಲ್ಲ,” ಎಂದರು. “ನಮ್ಮ ಯಜಮಾನರು ದಿನಾ ಕೇಳ್ತಿದ್ದದ್ದು ಬೂದು ಬಣ್ಣದ್ದರಲ್ಲೇ. ನಿಮ್ಮ ಕಡೆ ಕರೆಂಟು ಹೇಗೆ?”

“ಅಂದರೆ?”

“ಸಂಜೆ ಪಂಪುಗಳು ಶುರುವಾದ ಮೇಲೆ ಬಲ್ಬು ಮಂಕಾಗಲ್ವಾ? ಇಲ್ಲೂ ಹಾಗೇ. ಲೈನಿನ ಕರೆಂಟಿನಲ್ಲಿ ಆ ಚಿನ್ನದ ಬಣ್ಣದ್ದು ಸರಿಯಾಗಿ ಹಾಡೋದೇ ಇಲ್ಲ, ಜನರೇಟರ್ ಬೇಕು. ನೀವು ಬಂದ ದಿನ ಜನರೇಟರ್ ಇತ್ತಲ್ಲ. ಕರೆಂಟು ಇಳಿದಾಗಲೂ ನಡೀಲಿ ಅಂತ ಅವರು ಬೆಂಗಳೂರಿನಲ್ಲಿ ಒಬ್ಬರ ಕೈಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿಸಿ ಇನ್ನೊಂದನ್ನ ಮಾಡಿಸಿಕೊಂಡರು. ಇದನ್ನೆಲ್ಲ ನಿಮಗೆ ಹೇಳು ಅಂತ ಡ್ರೈವರಿಗೆ ಹೇಳಿ ಕಳಿಸಿದ್ದೆನಲ್ಲ?”

“ಡ್ರೈವರು ಏನೂ ಹೇಳಲಿಲ್ಲ.”

“ಹೇಳಿದೆ ಅಂದನಲ್ಲ ಬಂದು?”

ಅವನು ಹೇಳಲಿಲ್ಲವೋ, ಇವರು ಹೇಳಿ ಕಳಿಸಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಪ್ರತಿ ಸಂಜೆ ನನ್ನ ತಲೆಯ ಮೇಲಿನ ಬಲ್ಬು ಕೆಂಪಗಾಗುವುದನ್ನು ನಾನೇ ನೋಡಿದ್ದೆ. ಸುತ್ತಲಿನ ಬಾವಿಗಳ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತು ಅದು. ನಮ್ಮದೂ ಅವುಗಳಲ್ಲಿ ಒಂದು. ಅದಕ್ಕೂ ಹಾಡಿಗೂ ಗಂಟು ಹಾಕಿ ನೋಡಿರಲಿಲ್ಲ, ಅಷ್ಟೆ. ಮನುಷ್ಯರ ಮೇಲೆ ಕಣ್ಣಿಟ್ಟು ಬಲ್ಬನ್ನು ಬಿಟ್ಟಿದ್ದೆ.

“ನೀವು ದುಡ್ಡು ಕೊಟ್ಟಿದ್ದೀರಿ, ಅದು ನಿಮ್ಮದು. ಕೊಡಲ್ಲ ಅಂದರೆ ನಾನು ಕೇಳೋ ಹಾಗಿಲ್ಲ,” ಎಂದರು ಆ ಅಮ್ಮ. “ಎರಡನ್ನೂ ಕೇಳಿ, ಯಾವುದು ಬೇಕೋ ಇಟ್ಟುಕೊಳ್ಳಿ.”

“ನಿಮ್ಗ ಯಾವುದು ಇಷ್ಟವಾಗಿತ್ತು?” ಹೆಂಡತಿ ಮೊದಲ ಸಲ ಬಾಯಿ ಬಿಟ್ಟಳು.

ಅವರು ನಕ್ಕರು. “ಯಾವುದೂ ಇಲ್ಲಮ್ಮ. ಹಾಡು ಹಾಕಿದರೆ ಅವರು ಮಾತಾಡ್ತಿರಲಿಲ್ಲ. ಈ ಕಾಡಿನಲ್ಲಿ ನನಗೆ ಮಾತಾಡೋಕೆ ಇದ್ದದ್ದು ಅವರೊಬ್ಬರೇ.”

ಬಸ್ಸಿನಲ್ಲಿ ವಾಪಸು ಬರುವಾಗ ಹೆಂಡತಿ ಕಿಟಕಿಯ ಪಕ್ಕ ಕೂತಳು. ಆಮೇಲೆ, “ಅವ್ರು ಸುಳ್ಳೇಳಕಿಲ್ಲ,” ಎಂದಳು. ತುಸು ಹೊತ್ತು ಬಿಟ್ಟು, “ಏಳಿದ್ರೂ ನಮಗ ಗೊತ್ತಾಗಕಿಲ್ಲ,” ಎಂದಳು.

ತಾಳವಾಡಿಯಲ್ಲಿ ಇಳಿದು, ಹೆಂಡತಿಯನ್ನು ಊರಿಗೆ ಕಳಿಸಿ, ನೇರ ಗೆಳೆಯನ ಅಂಗಡಿಗೆ ಹೋದೆ. ಅವನು ಯಾವುದೋ ಟ್ರಾನ್ಸಿಸ್ಟರಿನೊಳಗೆ ಮುಖ ಹುದುಗಿಸಿಕೊಂಡಿದ್ದ. ಎದುರಿನ ಸ್ಟೂಲಿನಲ್ಲಿ ಕೂತು ಕರೆಂಟಿನ ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಅವನ ಕೈಯಲ್ಲಿದ್ದ ಸಾಲ್ಡರ್ ಕಡ್ಡಿ ನಿಂತಿತು.

“ಥೂ, ಓಲ್ಟೇಜು! ನಾನು ಬಂದದ್ದು ಮಧ್ಯಾಹ್ನ, ಅದ್ಕೇ ತಿಳೀನಿಲ್ಲ,” ಎಂದ. ಆಮೇಲೆ ಕಡ್ಡಿಯನ್ನು ಕೆಳಗಿಟ್ಟು, “ಒಂದ್ ಮಾತೇಳ್ತೀನಿ ಕೇಳು. ಆ ವಾಲ್ವ ನಾನು ಬದಲಾಯಿಸ್ತಿರ್ನಿಲ್ಲ. ಈ ರೇಡಿಯೋಗ ಒಂದ್ ದಿನ ಹಾಕಿ ನೋಡ್ತಿದ್ದೆ, ಅಷ್ಟೆಯಾ,” ಎಂದ.

“ಆಮೇಲೆ?”

“ಆಮೇಲೆ ತಂದ್ಕೊಡ್ತಿದ್ದೆ ಕಣ್ಲಾ!” ಎಂದು ರೇಗಿದವನು, ನಾನು ನಕ್ಕದ್ದು ನೋಡಿ ತಾನೂ ನಕ್ಕ. ಅದೇ ಸಂಜೆ ಅಂಗಡಿಯ ಸ್ಟೆಬಿಲೈಜರನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಬಂದ. ಅದನ್ನು ನಡುವೆ ಹಾಕಿದರೆ ಕರೆಂಟು ಏರಲಿ ಇಳಿಯಲಿ, ಪೆಟ್ಟಿಗೆಗೆ ಒಂದೇ ಸಮ ಸಿಗುತ್ತದೆ. ಹೊಂಬಣ್ಣದ್ದು ಸಂಜೆಯಲ್ಲೂ ಬಂಗಲೆಯ ದನಿಯಲ್ಲೇ ಹಾಡಿತು. ಸುತ್ತಲ ಬಾವಿಗಳ ಮೋಟಾರುಗಳು ಓಡುತ್ತಿದ್ದವು, ಬಲ್ಬು ಕೆಂಪಗಿತ್ತು, ಹಾಡು ಮಾತ್ರ ಒಡೆಯಲಿಲ್ಲ.

“ಇದನ್ನೇ ಇಟ್ಕೊ. ಒಂದು ಸ್ಟೆಬಿಲೈಜರ್ ತಂದ್ರಾಯ್ತು,” ಎಂದ ಗೆಳೆಯ. “ಆ ತಗಡ ನನಗ ಬುಟ್ಬುಡು. ಟ್ರಾನ್ಸ್‌ಫಾರ್ಮರ್ ಚೆನ್ನಾಗದೆ.”

ಹಾಗೆಂದ ಕೂಡಲೇ ನಾನು ಬೂದು ಪೆಟ್ಟಿಗೆಯನ್ನು ಇನ್ನೊಮ್ಮೆ ಹಾಕಿ ನೋಡಬೇಕೆಂದೆ. ಅವನು ಹಣೆ ಚಚ್ಚಿಕೊಂಡ.

ಈಗ ನೆಪಗಳು ಉಳಿದಿರಲಿಲ್ಲ. ಕರೆಂಟು ಒಂದೇ, ರೆಕಾರ್ಡು ಒಂದೇ. ಒಂದು ಬದಿ ಹೊಂಬಣ್ಣದ್ದರಲ್ಲಿ ಕೇಳಿದೆವು, ಅದೇ ಬದಿಯನ್ನು ಬೂದು ಬಣ್ಣದ್ದರಲ್ಲಿ ಕೇಳಿದೆವು. ಗೆಳೆಯ ವಾಲ್ಯೂಮ್ ಗುಂಡಿಗೆ ಕೈ ಹಾಕಿದಾಗಲೆಲ್ಲ ನಾನು ಅವನ ಬೆರಳನ್ನೇ ನೋಡುತ್ತಿದ್ದೆ; ಜೋರಾಗಿದ್ದದ್ದು ಚೆನ್ನಾಗಿ ಕೇಳಿಸುತ್ತದೆ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಕೊನೆಗೆ ಗುಂಡಿಯನ್ನು ನಾನೇ ಹಿಡಿದುಕೊಂಡೆ.

ಹೊಂಬಣ್ಣದ್ದು ಸಿಹಿ. ಹಾಡುವವನ ಗಂಟಲಿನ ಗರಗರವನ್ನು ನಯ ಮಾಡುತ್ತಿತ್ತು. ರೆಕಾರ್ಡಿನ ಗೀರು ಬಂದಾಗಲೂ ಅದನ್ನು ಮೆತ್ತಗೆ ದಾಟಿಸುತ್ತಿತ್ತು. ಕೇಳುತ್ತ ಕೇಳುತ್ತ ನನಗೆ ಆ ಸಿಹಿಯ ಮೇಲೇ ಅನುಮಾನ ಬಂತು. ವೀಣೆಗೆ ಅದು ಒಪ್ಪಿತ್ತು. ಆದರೆ ನಮ್ಮ ಅಂಗಳದಲ್ಲಿ ಹಾಡಿದವರಲ್ಲಿ ಒಬ್ಬರೂ ಹೀಗೆ ನಯವಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಇದರಲ್ಲಿ ಕಂಸಾಳೆ ಗೆಜ್ಜೆಯ ಹಾಗೆ ಮಿನುಗಿ ಹೋಗುತ್ತಿತ್ತು, ಪೆಟ್ಟು ಬೀಳುತ್ತಿರಲಿಲ್ಲ. ಬೂದು ಪೆಟ್ಟಿಗೆಗೆ ಬದಲಾಯಿಸಿದೆ. ಹಿಂದೆ ಸಣ್ಣ ಗುಂಯ್ ಇತ್ತು, ಇಲ್ಲವೆನ್ನಲಾರೆ. ಆದರೆ ಕಂಚಿಗೆ ಕಂಚು ತಾಗಿತು. ಹಲ್ಲು ಜುಮ್ಮೆಂದಿತು.

ಜಗಲಿಯಲ್ಲಿದ್ದ ಅಪ್ಪ ಒಳಕ್ಕೆ ಇಣುಕಿದರು. “ಯಾರ್ ಬಂದವ್ರೆ?” ಎಂದು ಕೇಳಿ, ರೆಕಾರ್ಡು ಸುತ್ತುತ್ತಿರುವುದನ್ನು ನೋಡಿ, ಗೋಡೆಗೆ ಒರಗಿ ಕೂತರು. ಸತ್ತವರ ಮನೆಯ ಸಾಮಾನಿನ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

“ಬೂದು ಪೆಟ್ಟಿಗೆ,” ಎಂದೆ.

“ನಿಂಗ ತಲ ಕೆಟ್ಟದೆ,” ಎಂದ ಗೆಳೆಯ. “ಮಡಗಿರೋ ಚಿನ್ನವ ಕೊಟ್ಟು ತಗಡ ಇಟ್ಕೋತಾನೆ.”

ಹೊಂಬಣ್ಣದ ಪೆಟ್ಟಿಗೆಯನ್ನು ನಾವಿಬ್ಬರೂ ಬಂಗಲೆಗೆ ವಾಪಸು ಮುಟ್ಟಿಸಿದೆವು. ಕೊಡುವ ಮೊದಲು ಗೆಳೆಯ ಅಲ್ಲಿಯೇ ಅದರ ಮುಚ್ಚಳ ಬಿಚ್ಚಿ, ವಾಲ್ವುಗಳೆಲ್ಲ ಇದ್ದಂತೆಯೇ ಇವೆ ನೋಡಿಕೊಳ್ಳಿ ಎಂದು ಆ ಅಮ್ಮನಿಗೆ ತೋರಿಸಿದ. ಅದು ನನಗೂ ತೋರಿಸಿದ್ದು. ಸ್ಕ್ರೂಗಳನ್ನು ಮೊದಲು ಬಿಚ್ಚಿದವರು ಯಾರೆಂದು ಅವನು ಕೇಳಿದ, ಅವರಿಗೂ ಗೊತ್ತಿರಲಿಲ್ಲ. ಬೆಲೆಯಲ್ಲಿ ತಮಗೇ ಹೆಚ್ಚಾಯಿತಲ್ಲ ಎಂದು ಆ ಅಮ್ಮನೇ ಹೇಳಿ ಷೆಡ್ಡಿನಲ್ಲಿ ಉಳಿದಿದ್ದ ಪೈಪುಗಳನ್ನು ತೆಗೆದುಕೊಂಡು ಹೋಗಿ ಎಂದರು. ಕೊಳ್ಳುವವರು ಮೊದಲೇ ಒಳ್ಳೆಯವನ್ನು ಆರಿಸಿಕೊಂಡು ಹೋಗಿದ್ದರು. ಉಳಿದವು ನಮ್ಮ ಬಾವಿಗೆ ಸಾಕಾಗುವಷ್ಟಿದ್ದವು. ಕೋಸು ಇಳಿಸಿ ಬರುತ್ತಿದ್ದ ಲಾರಿಯೊಂದರಲ್ಲಿ ಹಾಕಿಕೊಂಡು ಬಂದೆವು. ಗೆಳೆಯ ದಾರಿಯುದ್ದಕ್ಕೂ ಪ್ರತಿ ಪೈಪಿನ ತೂತಿಗೂ ಕಣ್ಣಿಟ್ಟು ನೋಡುತ್ತಿದ್ದ.

ಆ ಅಮ್ಮ ಮೈಸೂರಿಗೆ ಹೋದರು. ಬೂದು ಪೆಟ್ಟಿಗೆ ನಮ್ಮ ನಡುಮನೆಯಲ್ಲಿ ಬಹಳ ಕಾಲ ಹಾಡಿತು. ಸೋಮವಾರದ ಪೂಜೆ ಮುಗಿದ ಮೇಲೆ ಅಪ್ಪನೇ ಹಾಕು ಎನ್ನುತ್ತಿದ್ದರು. ಊರಿಗೆ ಕ್ಯಾಸೆಟ್ಟುಗಳು ಬಂದು, ರೆಕಾರ್ಡಿನ ಮುಳ್ಳು ಸಿಗುವುದು ಕಷ್ಟವಾದ ಮೇಲೂ ಅದನ್ನು ಬಿಡಲಿಲ್ಲ.

ಒಂದು ಬೇಸಿಗೆಯಲ್ಲಿ ಅದರ ದನಿ ಒಂದು ಕಡೆಯ ಸ್ಪೀಕರಿನಲ್ಲಿ ಸತ್ತುಹೋಯಿತು. ಗೆಳೆಯ ಬಂದು ನೋಡಿ, ವಾಲ್ವು ಹೋಗಿದೆ, ಬೆಂಗಳೂರಿನಿಂದ ತರಿಸಬೇಕು, ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟುಕೊಂಡರೆ ನಿಧಾನವಾಗಿ ನೋಡಬಹುದು ಎಂದ. ಈ ಸಲ ನನ್ನ ಮುಖ ನೋಡಿಯೇ ಕೇಳಿದ. ಎತ್ತಿ ಕೊಟ್ಟೆ. ಅದು ಅವನ ಅಂಗಡಿಯಲ್ಲಿದ್ದಷ್ಟು ದಿನ ತಾಳವಾಡಿಗೆ ಹೋದರೂ ಆ ಬೀದಿಗೆ ಹೋಗದೆ ಬರುತ್ತಿದ್ದೆ; ನೋಡಲು ಬಂದ ಎಂದು ಅವನಿಗೆ ಅನ್ನಿಸಬಾರದು. ಕೊನೆಗೆ ಅವನೇ ಸೈಕಲ್ಲಿನಲ್ಲಿ ತಂದು, ಜೋಡಿಸಿ, ಹಾಡಿಸಿ ತೋರಿಸಿ, ಹೆಂಡತಿ ಕೊಟ್ಟ ಕಾಫಿ ಕುಡಿದು ಹೋದ. ಎರಡೂ ಕಡೆಯಿಂದ ದನಿ ಸರಿಯಾಗಿ ಬರುತ್ತಿತ್ತು.

ಮಾರನೆಯ ದಿನ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ ಮುಚ್ಚಳ ಬಿಚ್ಚಿ, ಸ್ವಿಚ್ಚು ಹಾಕಿ ಒಳಗೆ ನೋಡಿದೆ. ಟ್ರಾನ್ಸ್‌ಫಾರ್ಮರು ಅಲ್ಲೇ ಇತ್ತು. ಹೊಸ ವಾಲ್ವಿನ ಪಕ್ಕದಲ್ಲಿ ಇನ್ನೊಂದು ಕಡೆಯ ಹಳೆಯ ವಾಲ್ವು ಕೆಂಪಗೆ ಉರಿಯುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು.